ಒಲೆಗೇರುವ ಮುನ್ನ ಒಂದು ಹಿಡಿ

ಅನ್ನಕ್ಕಿಡಲು ಅಕ್ಕಿ ಅಳೆದಾಗಿದೆ. ತೊಳೆಯುವ ಮೊದಲು ಮನೆಯಾಕೆ ಪಾತ್ರೆಗೆ ಕೈಹಾಕಿ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕುತ್ತಾಳೆ. ಸಂಜೆ ಮತ್ತೆ ಒಲೆ ಹಚ್ಚುವಾಗ ಇನ್ನೊಂದು ಹಿಡಿ. ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದ ಈ ಪದ್ಧತಿಯ ಹೆಸರು ‘ಬುಹ್‌ಫಾಯ್ ಥಾಮ್’. ಬುಹ್‌ಫಾಯ್ ಎಂದರೆ ಅಕ್ಕಿ, ಥಾಮ್ ಎಂದರೆ ಹಿಡಿ. ಸಭೆಯ ಹೆಂಗಸರು ಮನೆಮನೆಗೆ ಬಂದು ಡಬ್ಬಿಯಲ್ಲಿ ಕೂಡಿದ್ದನ್ನು ಒಯ್ಯುತ್ತಾರೆ. ಅದನ್ನು ಮಾರಿ ಬಂದ ಹಣ ದೇವರ ಕೆಲಸಕ್ಕೆ.

ಈ ಹಿಡಿ ಅಕ್ಕಿ ಕಣಜದಿಂದ ಬರುವುದಲ್ಲ; ಮನೆಮಂದಿಗೆಂದು ಅಳೆದಿಟ್ಟದ್ದರಿಂದಲೇ ಬರಬೇಕು. ಆ ಹೊತ್ತಿನ ಊಟ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಉಂಡು ಮಿಕ್ಕಿದ್ದನ್ನು ಕೊಡುವುದಕ್ಕೂ ಇದಕ್ಕೂ ಎಷ್ಟು ಅಂತರವೆಂಬುದು ದಿನವೂ ಅಡುಗೆ ಮಾಡುವವರಿಗೆ ಹೇಳದೆಯೇ ತಿಳಿಯುತ್ತದೆ.

ಈ ಪದ್ಧತಿ ಹುಟ್ಟಿದ ಕಾಲದಲ್ಲಿ ಮಿಜೋರಾಮಿಗೆ ಲುಶಾಯ್ ಬೆಟ್ಟಗಳೆಂದು ಹೆಸರು. 1894ರ ಜನವರಿ 11ರಂದು ಜೆ. ಎಚ್. ಲೊರೇನ್ ಮತ್ತು ಎಫ್. ಡಬ್ಲ್ಯು. ಸ್ಯಾವಿಜ್ ಎಂಬ ಇಬ್ಬರು ಮಿಷನರಿಗಳು ದೋಣಿಯಲ್ಲಿ ಸಾಯ್‌ರಾಂಗ್ ತಲುಪಿದರು. ಮಿಜೋ ಭಾಷೆಗೆ ಅಕ್ಷರ ಹೊಂದಿಸಿದವರು ಇವರೇ. ಬೈಬಲಿನ ಕೆಲವು ಭಾಗಗಳನ್ನು ಆ ಭಾಷೆಗೆ ತಂದವರೂ ಇವರೇ. ಮೊದಮೊದಲು ಬಂದವುಗಳಲ್ಲಿ ಲೂಕನ ಸುವಾರ್ತೆಯೂ ಒಂದು. ಆಮೇಲೆ 1897ರಲ್ಲಿ ವೇಲ್ಸ್‌ನಿಂದ ಡಿ. ಇ. ಜೋನ್ಸ್ ಬಂದರು. 1899ರಲ್ಲಿ ಖುಮಾ, ಖಾರಾ ಎಂಬ ಇಬ್ಬರು ಮಿಜೋಗಳಿಗೆ ದೀಕ್ಷಾಸ್ನಾನವಾಯಿತು. ಅಲ್ಲಿಂದ ಹನ್ನೊಂದು ವರ್ಷಕ್ಕೆ, 1910ರಲ್ಲಿ, ಹಿಡಿ ಅಕ್ಕಿ ಶುರುವಾಯಿತು.

ಜೆರುಸಲೇಮಿನ ದೇವಾಲಯದ ಹುಂಡಿಗೆ ಎರಡು ಪುಡಿಗಾಸು ಹಾಕಿದ ಬಡ ವಿಧವೆಯ ಕಥೆಯಿರುವುದು ಲೂಕನಲ್ಲಿಯೇ. ಸಿರಿವಂತರೆಲ್ಲ ತಮಗೆ ಹೆಚ್ಚಾದದ್ದರಿಂದ ಹಾಕಿದರು, ಇವಳು ತನ್ನ ಬದುಕಿಗಿದ್ದದ್ದನ್ನೇ ಹಾಕಿದಳು ಎಂದು ಯೇಸು ಹೇಳಿದ್ದನ್ನು ಮಿಜೋ ಹೆಂಗಸರು ತಮ್ಮ ಮಾತಿನಲ್ಲೇ ಕೇಳಿದ್ದರು. ಅವರ ಕೈಯಲ್ಲಿ ಆ ಎರಡು ಕಾಸೂ ಇರಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಕಾಡು ಕಡಿದು, ಸುಟ್ಟು, ಬಿತ್ತಿ ಬೆಳೆಯುವ ಬದುಕು. ಹಣದ ಓಡಾಟವೇ ಕಡಿಮೆ. ಮನೆ, ಆಸ್ತಿ ಗಂಡಸರ ಪಾಲಿನದು. ಹೆಂಗಸಿನ ಕೈ ನಡೆಯುತ್ತಿದ್ದದ್ದು ಅಡುಗೆಯ ಅಕ್ಕಿಯ ಮೇಲೆ. ಹಾಗಾಗಿ ಕಾಣಿಕೆ ಅಡುಗೆಮನೆಯಲ್ಲೇ ಹುಟ್ಟಿತು. ಇದರಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದೇ. ಹೊರಗಿನವರ ನೆರವಿನಿಂದ ಎದ್ದುನಿಂತ ಹೊಸ ಸಭೆಯಲ್ಲಿ, ಕೊಡಲು ಏನೂ ಇಲ್ಲವೆಂದು ಎಲ್ಲರೂ ಎಣಿಸಿದ್ದ ಹೆಂಗಸರೇ ಕೊಡುವವರಾದರು.

ನೆಲವೂ ಹದವಾಗಿತ್ತೆನ್ನಬೇಕು. ಪಾದ್ರಿಗಳು ಬರುವ ಮುಂಚೆಯೇ ಮಿಜೋ ಜನರಿಗೆ ‘ತ್ಲಾಮ್‌ಙಾಯ್ನಾ’ ಎಂಬ ಕಟ್ಟಳೆಯಿತ್ತು: ಯಾರೂ ಕೇಳದೆಯೇ ನೆರವಿಗೆ ಹೋಗುವುದು, ತನ್ನ ಸುಖವನ್ನು ಹಿಂದಿಡುವುದು. ಹಂಚಿ ಉಂಡವರು ಬಾಳುತ್ತಾರೆ, ಒಬ್ಬರೇ ಉಂಡವರು ಅಳಿಯುತ್ತಾರೆ ಎಂಬ ಗಾದೆಯೂ ಅವರದು. ಸುವಾರ್ತೆ ಅದಕ್ಕೆ ಸೇರಿಸಿದ್ದು ಒಂದು ನಂಬಿಕೆಯನ್ನು. ಮಳೆಯೂ ತೆನೆಯೂ ದೇವರೇ ಮೊದಲು ಕೊಟ್ಟದ್ದು, ನಾವು ಎತ್ತಿಡುವ ಹಿಡಿ ಅವನ ಕೊಡುಗೆಯದೇ ಒಂದು ಭಾಗ. ಹೀಗೆ ನಂಬಿದವರಿಗೆ ಕೊಡುವಾಗ ಬೀಗಲು ಕಾರಣವಿಲ್ಲ, ಪಡೆಯುವಾಗ ಕುಗ್ಗಲೂ ಕಾರಣವಿಲ್ಲ.

ಪರೀಕ್ಷೆ ಬಲು ಬೇಗ ಬಂತು. 1911ರಲ್ಲಿ ಬೆಟ್ಟದ ಬಿದಿರು ಹೂಬಿಟ್ಟಿತು. ಬಿದಿರಕ್ಕಿ ಕಂಡ ಮಲೆನಾಡಿನವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ: ಬೀಜ ತಿಂದು ಇಲಿಗಳು ಹೆಚ್ಚಿ, ಬೀಜ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ಇಳಿಯುತ್ತವೆ. ಮಿಜೋ ಜನ ಅದನ್ನು ‘ಮಾವ್‌ತಾಮ್’ ಎನ್ನುತ್ತಾರೆ, ಬಿದಿರಿನ ಬರ. ಸುಮಾರು 48 ವರ್ಷಕ್ಕೊಮ್ಮೆ ಬರುವಂಥದು. ಹಿಡಿ ಅಕ್ಕಿ ಶುರುವಾದ ಮರುವರ್ಷವೇ ಅಕ್ಕಿಯಿಲ್ಲದ ಕಾಲ! ಪದ್ಧತಿ ಅಲ್ಲಿಗೇ ಕೈಬಿಟ್ಟುಹೋಗಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಹೋಗಲಿಲ್ಲ. 1959ರಲ್ಲಿ ಮತ್ತೆ ಮಾವ್‌ತಾಮ್, 1966ರ ಮಿಜೋ ಬಂಡಾಯದಲ್ಲಿ ಐಜಾಲ ಪಟ್ಟಣದ ಮೇಲೆ ವಿಮಾನಗಳಿಂದ ಬಾಂಬು, ಆಮೇಲಿನ ವರ್ಷಗಳಲ್ಲಿ ಊರಿಗೆ ಊರೇ ಎಬ್ಬಿಸಿ ಬೇರೆಡೆ ಕೂಡಿಸಿದ್ದು. ಇಷ್ಟೆಲ್ಲ ದಾಟಿ ಡಬ್ಬಿ ಒಲೆಯ ಪಕ್ಕದಲ್ಲೇ ಉಳಿಯಿತು. ಉತ್ತರದ ಪ್ರೆಸ್ಬಿಟೇರಿಯನ್ ಸಭೆಯಲ್ಲೂ ದಕ್ಷಿಣದ ಬ್ಯಾಪ್ಟಿಸ್ಟ್ ಸಭೆಯಲ್ಲೂ ಈಗಲೂ ನಡೆಯುತ್ತಿದೆ. ಒಂದು ಕಾಲಕ್ಕೆ ಮಿಷನರಿಗಳನ್ನು ಬರಮಾಡಿಕೊಂಡ ನಾಡು ಇಂದು ತಾನೇ ಬೇರೆ ರಾಜ್ಯಗಳಿಗೆ, ಹೊರದೇಶಗಳಿಗೆ ಮಿಷನರಿಗಳನ್ನು ಕಳಿಸುತ್ತದೆ. ಆ ಖರ್ಚಿನಲ್ಲಿ ಈ ಹಿಡಿಗಳ ಪಾಲೂ ಇದೆ.

ಹಿಡಿಗೆ ಸೇರು, ಪಾವಿನಂತೆ ಒಂದೇ ಅಳತೆಯಿಲ್ಲ. ದುಡಿದು ಅಗಲವಾದ ಕೈಯ ಹಿಡಿ ಒಂದು, ಅಮ್ಮನ ಪಕ್ಕ ನಿಂತ ಹುಡುಗಿಯ ಹಿಡಿ ಇನ್ನೊಂದು. ಎಲ್ಲ ಮನೆಗಳದೂ ಒಂದೇ ಚೀಲಕ್ಕೆ ಬೀಳುತ್ತದೆ. ದಪ್ಪ ಅಕ್ಕಿ, ಸಣ್ಣ ಅಕ್ಕಿ, ನುಚ್ಚು, ಈ ವರ್ಷದ್ದು, ಹೋದ ವರ್ಷದ್ದು. ಅದನ್ನು ಕೊಂಡು ಬೇಯಿಸಿದವರ ತಟ್ಟೆಯಲ್ಲಿ ಯಾವ ಅಗುಳು ಯಾರ ಮನೆಯದೆಂದು ಗುರುತು ಸಿಗುವುದಿಲ್ಲ.