ಮೂಸಿ ನೋಡುವ ಕಾವಲುಗಾರ

ನಾಯಿ ಮನೆ ಕಾಯುತ್ತದೆ. ಮಂಗಳೂರಿನ ವಿಮಾನ ನಿಲ್ದಾಣವನ್ನೂ ನಾಯಿ ಕಾಯುತ್ತದೆ, ಗೊತ್ತುಂಟಾ?

2020ರ ಜನವರಿ 20. ನಿಲ್ದಾಣದಲ್ಲಿ ಯಾರೋ ಒಂದು ಚೀಲ ಬಿಟ್ಟು ಹೋಗಿದ್ದರು. ಭದ್ರತಾ ಪಡೆಯ ನಾಯಿ ಚೀಲವನ್ನು ಮೂಸಿತು. ಒಳಗೆ ಸಿಡಿಮದ್ದು! ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಯಾರಿಗೂ ಏನೂ ಆಗಲಿಲ್ಲ.

ಮದ್ದಿನ ವಾಸನೆ ಸಿಕ್ಕಿದರೆ ಇಂಥ ನಾಯಿ ಬೊಗಳುವುದಿಲ್ಲ, ಕೆರೆಯುವುದಿಲ್ಲ. ಸುಮ್ಮನೆ ಕೂರುತ್ತದೆ. ಮುಟ್ಟಿದರೆ ಸಿಡಿದೀತು! ಇದನ್ನು ಕಲಿಸುವವರು ಪಡೆಯ ಜವಾನರು. ನಾಯಿ, ಜವಾನ ಇಬ್ಬರಿಗೂ ಒಟ್ಟಿಗೇ ತರಬೇತಿ.

ಸೇನೆಯ ನಾಯಿಗಳು ಮೀರತ್ ಊರಿನಲ್ಲಿ ಕಲಿಯುತ್ತವೆ. 2016ರಲ್ಲಿ ನಮ್ಮ ಮುಧೋಳ ನಾಯಿಗಳೂ ಅಲ್ಲಿಗೆ ಹೋದವು.

ಇದು ಗಂಡಸರ ಕೆಲಸ ಮಾತ್ರ ಅಲ್ಲ. ಪಶುವೈದ್ಯ ಓದಿದ ಹುಡುಗಿಯರಿಗೂ 2023ರಲ್ಲಿ ಸೇನೆಯ ಈ ವಿಭಾಗದ ಬಾಗಿಲು ತೆರೆಯಿತು. ಅವರು ಅಲ್ಲಿ ಅಧಿಕಾರಿ ಆಗಬಹುದು.

ನಿಮ್ಮ ಮಗಳಿಗೆ ನಾಯಿ, ದನ ಎಂದರೆ ಪ್ರೀತಿಯಾ? ಅವಳ ಓದು ನಿಲ್ಲಿಸಬೇಡಿ.