ಇನ್ನೂರೊಂದು ಅಂಕಿಗಳ ಸಂಖ್ಯೆಯೂ ನಮ್ಮ ಗಲ್ಲೆಯ ಲೆಕ್ಕವೂ

ಲೇಕ್ ಮಾರ್ಕೆಟ್ ಬದಿಯ ಹೋಟೆಲಿರಲಿ, ಬಿ.ಬಿ.ಡಿ. ಬಾಗ್‌ನ ಕಚೇರಿಯಿರಲಿ, ದಿನದ ಕೊನೆಯಲ್ಲಿ ಲೆಕ್ಕ ಕೂಡಿಸುವ ಹೊತ್ತು ಕೋಲ್ಕತ್ತದ ನಮ್ಮವರಿಗೆಲ್ಲ ಪರಿಚಿತವೇ. ಗಲ್ಲೆಯ ಹಣಕ್ಕೂ ಪುಸ್ತಕದ ಮೊತ್ತಕ್ಕೂ ತಾಳೆ ಬೀಳದಿದ್ದರೆ ಸಂಶಯವು ಯಾರ ಮೇಲೆ ಎರಗುವುದೆಂಬುದೂ, ಕೊರತೆಯನ್ನು ಯಾರ ಸಂಬಳದಲ್ಲಿ ಮುರಿದುಕೊಳ್ಳುವರೆಂಬುದೂ ಅಷ್ಟೇ ಪರಿಚಿತ. ಆದರೆ ಅಂಕಿಗಳಿಗೂ ತಮ್ಮದೇ ಆದ ನಡತೆಯುಂಟು. ಅದನ್ನು ಬಲ್ಲವರ ಪರವಾಗಿ ಅವು ಸಾಕ್ಷಿ ನುಡಿಯುತ್ತವೆ.

ಈ ಮಾತಿಗೆ ಒಂದು ದೈತ್ಯಸಂಖ್ಯೆಯ ಕಥೆಯನ್ನು ನೆನೆಯೋಣ. 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾ ದೇವಿಯವರ ತಂದೆ ಸರ್ಕಸ್ಸಿನಲ್ಲಿ ದುಡಿದವರು. ಮಗಳಿಗೆ ಕ್ರಮವಾದ ಶಾಲಾಶಿಕ್ಷಣ ದೊರೆಯಲಿಲ್ಲ. ಕೋಲ್ಕತ್ತದ ಅಧಿಕಾರಿ ಪರಿತೋಷ ಬ್ಯಾನರ್ಜಿಯವರನ್ನು ವರಿಸಿದ ಈಕೆ ನಮ್ಮ ಈ ಊರಿನ ಸೊಸೆಯೂ ಆಗಿದ್ದರು. 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದನ್ನು ಮುಂದಿಟ್ಟು, ಅದರ 23ನೆಯ ಮೂಲವನ್ನು ಅವರಿಂದ ಕೇಳಲಾಯಿತು. ಅಂದರೆ, ಯಾವ ಸಂಖ್ಯೆಯನ್ನು 23 ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಅದು ಬರುವುದೆಂಬ ಪ್ರಶ್ನೆ. 50 ಸೆಕೆಂಡುಗಳಲ್ಲಿ ಅವರಿತ್ತ ಉತ್ತರ: 54,63,72,891.

916 ಎಂದು ಆರಂಭವಾಗಿ 771 ಎಂದು ಮುಗಿಯುವ ಆ ಸಂಖ್ಯೆ ತನ್ನ ಗುಟ್ಟನ್ನು ಕೊಂಚ ತಾನೇ ಬಿಟ್ಟುಕೊಡುತ್ತದೆ. ಹತ್ತು ಅಂಕಿಗಳ ಅತಿ ಚಿಕ್ಕ ಸಂಖ್ಯೆಯನ್ನು ಹಾಗೆ ಗುಣಿಸಿದರೂ 208 ಅಂಕಿಗಳಾಗುತ್ತವೆ. ಒಂಬತ್ತು ಅಂಕಿಗಳ ಅತಿ ಚಿಕ್ಕದಕ್ಕೆ 185. ಆದುದರಿಂದ ಉತ್ತರಕ್ಕೆ ಒಂಬತ್ತೇ ಅಂಕಿಗಳು. ಕೊನೆಯ ಅಂಕಿ 1 ಆಗಬೇಕಾದರೆ ಮೂಲದ ಕೊನೆಯ ಅಂಕಿಯೂ 1 ಆಗಲೇಬೇಕು. ಉಳಿದುದನ್ನು ಮನಸ್ಸಿನಲ್ಲೇ ಹಿಡಿದುದು ಆಕೆಯ ಅಸಾಧಾರಣ ಪ್ರತಿಭೆ.

ಉತ್ತರವನ್ನು ಮತ್ತೊಮ್ಮೆ ನೋಡಿರಿ. 1ರಿಂದ 9ರವರೆಗಿನ ಅಂಕಿಗಳು ಅದರಲ್ಲಿ ಒಂದೊಂದು ಸಲ ಬಂದಿವೆ, ಕೂಡಿಸಿದರೆ 45. ಅಂಕಿಗಳ ಮೊತ್ತವು 9ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. ಏಕೆಂದರೆ 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ ಉಳಿಯುವುದು ಒಂದೇ. ಆದಕಾರಣ ಆ 201 ಅಂಕಿಗಳ ದೈತ್ಯನೂ 9ರ ಅಧೀನನೇ.

ಈ ನಿಯಮವೇ ನಮ್ಮ ಗಲ್ಲೆಗೂ ಒದಗುತ್ತದೆ. ಅವಸರದಲ್ಲಿ 450 ರೂಪಾಯಿಯನ್ನು 540 ಎಂದು ಬರೆದೆವೆನ್ನಿ. ಅಂಕಿಗಳು ಸ್ಥಳ ಬದಲಿಸಿದರೂ ಅವುಗಳ ಮೊತ್ತ ಬದಲಾಗದು. ಆದುದರಿಂದ ಇಂತಹ ತಪ್ಪಿನಿಂದ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇಲ್ಲಿ ಕೊರತೆ 90. ಹೀಗೆ 9ರಿಂದ ಭಾಗವಾಗುವ ಕೊರತೆ ಕಂಡಾಗ ಅಂಕಿ ಅದಲುಬದಲಾಗಿದೆಯೇ ಎಂದು ಪುಸ್ತಕದಲ್ಲಿ ಹುಡುಕಿರಿ. ಇದೇ ಕಾರಣವೆಂದು ನಿಶ್ಚಯವಾಗಿ ಹೇಳಲಾಗದು, ಹಣವೇ ಕಳೆದಿರಲೂಬಹುದು. ಆದರೂ ಮಾಣಿಯ ಕೈಯನ್ನು ಶಂಕಿಸುವ ಮೊದಲು ಲೇಖನಿಯ ಕೈಯನ್ನು ಪರೀಕ್ಷಿಸುವುದು ನ್ಯಾಯ.

ಶಕುಂತಲಾ ದೇವಿಯವರು 2013ರಲ್ಲಿ ತೀರಿಕೊಂಡರು. ಅವರ ವೇಗ ನಮಗೆ ಎಟುಕದು. ಆದರೆ ಒಂಬತ್ತರ ಈ ನಿಯಮವನ್ನು ಕಲಿಯಲು ಒಂದು ಬಟ್ಟಲು ಕಾಫಿ ಕುಡಿಯುವಷ್ಟು ಹೊತ್ತು ಸಾಕು.