ಹೆಗಲ ಹಲಗೆಯ ನೋವು: ಉಪೇಕ್ಷೆ ಬೇಡ

ನಿಮ್ಮ ಬೆನ್ನಿನ ಮೇಲ್ಭಾಗದ ಎರಡೂ ಬದಿಗಳಲ್ಲಿ, 2ನೇ ಪಕ್ಕೆಲುಬಿನಿಂದ 7ನೆಯದರವರೆಗೆ, ತ್ರಿಕೋನಾಕಾರದ ಚಪ್ಪಟೆ ಮೂಳೆಯಿದೆ. ಇದೇ ಹೆಗಲ ಹಲಗೆ. ಇದು ಪಕ್ಕೆಲುಬಿಗೆ ಅಂಟಿಕೊಂಡಿಲ್ಲ; 17 ಸ್ನಾಯುಗಳ ಆಸರೆಯಲ್ಲಿ ಅದರ ಮೇಲೆ ಜಾರುತ್ತದೆ. ಕೈಯನ್ನು ಪೂರ್ತಿ ಮೇಲೆತ್ತಿದಾಗ ಆ ಚಲನೆಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಮೂಳೆಯದು.

ಬೆನ್ನು ಬಾಗಿಸಿ ಗಂಟೆಗಟ್ಟಲೆ ಮೊಬೈಲ್ ನೋಡಿದರೆ ಈ ಸ್ನಾಯುಗಳು ದಣಿದು ನೋಯುತ್ತವೆ. ಆಗಾಗ ಎದ್ದು ಭುಜಗಳನ್ನು ಹಿಂದಕ್ಕೆಳೆದು ಸಡಿಲಿಸಿ.

ಆದರೆ ಇಲ್ಲಿನ ಎಲ್ಲ ನೋವೂ ಸ್ನಾಯುವಿನದಲ್ಲ. ಜಿಡ್ಡಿನ ಊಟದ ನಂತರ ಬಲ ಹಲಗೆಯ ಬಳಿ ನೋವು ಮರುಕಳಿಸುತ್ತಿದ್ದರೆ ಪಿತ್ತಕೋಶದಲ್ಲಿ ಕಲ್ಲಿರಬಹುದು, ವೈದ್ಯರಿಗೆ ತೋರಿಸಿ. ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹೃದಯಾಘಾತವಾಗಿರಬಹುದು. ಎಣ್ಣೆ ತಿಕ್ಕುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.